ಕೈಯಂತ್ರ ಬಂದರೂ ಕಾರ್ಡು ಬಿಡದ ಪಿಗ್ಮಿ ಸಂಗ್ರಾಹಕರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಂಸ್ಥೆಗಳಲ್ಲಿ ಯೋಜನೆ ಹಾಕಿ ತರುವ ಬದಲಾವಣೆಗಳ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಅವರ ಸಂಸ್ಥೆಗಳ ಹೆಸರನ್ನೂ ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ಮಾನ್ಯರೇ, ಬ್ರಹ್ಮಾವರದ ಸಮೀಪದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಕಾರ್ಯದರ್ಶಿ. ಪಿಗ್ಮಿ ಸಂಗ್ರಹಕ್ಕೆ ಕೈಯಂತ್ರ ಕೊಟ್ಟು, ಹಣ ಕಟ್ಟಿದ ಕೂಡಲೇ ಸದಸ್ಯರ ಮೊಬೈಲಿಗೆ ಸಂದೇಶ ಹೋಗುವ ವ್ಯವಸ್ಥೆಯನ್ನು ನಮ್ಮ ಆಡಳಿತ ಮಂಡಳಿ ತಂದಿದೆ. ತರಬೇತಿಯೂ ಮುಗಿದಿದೆ. ಆದರೆ ಹೆಚ್ಚಿನ ಸಂಗ್ರಾಹಕರು ‘ಚಾರ್ಜು ಇಲ್ಲ’, ‘ನೆಟ್‌ವರ್ಕ್ ಸಿಗುವುದಿಲ್ಲ’ ಎಂದು ಹೇಳಿ ಹಳೆಯ ಕಾರ್ಡಿನಲ್ಲೇ ಬರೆದು ತರುತ್ತಾರೆ. ಅಧ್ಯಕ್ಷರು ಶಿಸ್ತುಕ್ರಮ ಕೈಗೊಳ್ಳಿ ಎನ್ನುತ್ತಿದ್ದಾರೆ. ಯೋಜನೆಯ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ನಾನೇನು ಮಾಡಬೇಕು?

ಉತ್ತರ: ಶಿಸ್ತುಕ್ರಮದ ಮಾತನ್ನು ಸದ್ಯಕ್ಕೆ ಬದಿಗಿಡುವಂತೆ ಅಧ್ಯಕ್ಷರನ್ನು ಒಪ್ಪಿಸಿ. ಅದಕ್ಕೆ ಕಾನೂನಿನ ಕಾರಣವೂ ಒಂದಿದೆ. ಬ್ಯಾಂಕುಗಳ ಠೇವಣಿ ಸಂಗ್ರಾಹಕರು ಕಮಿಷನ್ನಿನ ಮೇಲೆ ದುಡಿಯುವವರಾದರೂ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ಕೊಟ್ಟಿದೆ. ನಿಮ್ಮ ಸಂಘಕ್ಕೆ ಅದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂದು ವಕೀಲರಲ್ಲಿ ಕೇಳಿಕೊಳ್ಳದೆ, ಅವರು ಬರೀ ಏಜೆಂಟರು, ಬೇಡವೆಂದರೆ ತೆಗೆದರಾಯಿತು ಎಂದು ಹೊರಡುವುದು ಜಾಣತನವಲ್ಲ. ಕಾನೂನಿಗಿಂತ ಮುಖ್ಯವಾದದ್ದು ಬೇರೆಯೇ ಇದೆ. ಚಾರ್ಜು, ನೆಟ್‌ವರ್ಕು ಎಂಬುವು ಬಹುಮಟ್ಟಿಗೆ ನೆಪಗಳೆಂದು ನಿಮಗೂ ಗೊತ್ತು, ಅವರಿಗೂ ಗೊತ್ತು. ನೆಪದ ಹಿಂದೆ ಏನಿದೆಯೆಂದು ತಿಳಿಯದೆ ನೆಪಕ್ಕೆ ಶಿಕ್ಷೆ ಕೊಟ್ಟರೆ ಇನ್ನೊಂದು ನೆಪ ಹುಟ್ಟುತ್ತದೆ, ಅಷ್ಟೆ.

ನೀವು ಕಳುಹಿಸಿದ ಯೋಜನೆಯಲ್ಲಿ ಯಂತ್ರ ಖರೀದಿಯ ದಿನ, ತರಬೇತಿಯ ದಿನ, ಕಾರ್ಡು ನಿಲ್ಲಿಸುವ ದಿನ ಎಲ್ಲವೂ ಅಚ್ಚುಕಟ್ಟಾಗಿ ಇವೆ. ಈ ಬದಲಾವಣೆಯಿಂದ ಯಾರ ಕೈಯಿಂದ ಏನು ಹೋಗುತ್ತದೆ ಎಂದು ಬರೆದ ಒಂದು ಪುಟ ಮಾತ್ರ ಇಲ್ಲ. ನಾನು ಕಂಡ ಮಟ್ಟಿಗೆ ಯೋಜಿತ ಬದಲಾವಣೆಗಳು ಕೆಡುವುದು ಹೆಚ್ಚಾಗಿ ಆ ಪುಟ ಇಲ್ಲದ ಕಾರಣದಿಂದಲೇ. ಆದ್ದರಿಂದ ಆ ಪುಟವನ್ನು ಈಗಲಾದರೂ ಬರೆಯಲು ಕುಳಿತುಕೊಳ್ಳೋಣ.

ಪಿಗ್ಮಿ ಸಂಗ್ರಾಹಕ ಸಂಜೆ ಮೀನಿನ ಮಾರುಕಟ್ಟೆ, ಹೋಟೆಲು, ಕ್ಷೌರದಂಗಡಿ, ರಿಕ್ಷಾ ನಿಲ್ದಾಣ ಎಂದು ಸುತ್ತುವಾಗ ಬರೀ ಹಣ ಎಣಿಸಿಕೊಳ್ಳುವುದಿಲ್ಲ. ವ್ಯಾಪಾರ ಕುದುರದ ದಿನ ಮೀನು ಮಾರುವ ಹೆಂಗಸಿನ ಐವತ್ತು ರೂಪಾಯಿಯನ್ನು ತಾನೇ ಹಾಕಿ, ಮರುದಿನ ನೂರು ಪಡೆದುಕೊಳ್ಳುತ್ತಾನೆ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿ ಇಂದು ಸಂಗ್ರಹಿಸಿದ್ದನ್ನು ನಾಳೆಯೋ ನಾಡಿದ್ದೋ ಕಟ್ಟುತ್ತಾನೆ, ನಡುವಿನ ಒಂದೆರಡು ದಿನ ಆ ಹಣ ಅವನ ಮನೆಯ ಖರ್ಚಿಗೂ ಆಗುತ್ತದೆ. ಸಮಯ ಸಹಿತ ಸಂದೇಶ ಕಳುಹಿಸುವ ಯಂತ್ರ ಬಂದ ಕೂಡಲೇ ಈ ಎರಡೂ ನಿಂತುಹೋಗುತ್ತವೆ. ಎರಡನೆಯದು ನಿಲ್ಲಲೇಬೇಕು; ಅದನ್ನು ನಿಲ್ಲಿಸುವುದೇ ಯಂತ್ರ ತಂದ ಉದ್ದೇಶಗಳಲ್ಲಿ ಒಂದಾಗಿದ್ದರೆ, ಸದಸ್ಯರ ಅನುಕೂಲ ಎಂಬ ಮಾತಿನ ಹಿಂದೆ ಅದನ್ನು ಅಡಗಿಸದೆ ಮಂಡಳಿ ನೇರವಾಗಿಯೇ ಹೇಳಬೇಕು. ಮೊದಲನೆಯದು ಸದಸ್ಯರಿಗೆ ಮಾಡುವ ಉಪಕಾರ. ಅದಕ್ಕೆ ನಿಯಮದಲ್ಲೇ ದಾರಿ ಮಾಡಬಹುದು: ತಿಂಗಳಿಗೆ ಇಂತಿಷ್ಟು ದಿನ ತಪ್ಪಿದರೆ ಖಾತೆಗೆ ತೊಂದರೆಯಿಲ್ಲ, ತಪ್ಪಿದ ಕಂತನ್ನು ಒಟ್ಟಿಗೆ ಕಟ್ಟಬಹುದು ಎಂದು ಬರೆದಿಟ್ಟರೆ ಸಂಗ್ರಾಹಕ ತನ್ನ ಕಿಸೆಯಿಂದ ಹಾಕುವ ಪ್ರಮೇಯವೇ ಬರುವುದಿಲ್ಲ.

ಇನ್ನೊಂದು ಸಂಗತಿ ಮಂಡಳಿಯ ಮೇಜಿನವರೆಗೆ ಬಂದಿರಲಾರದು. ಎಷ್ಟೋ ಹೆಂಗಸರು ಮನೆಯವರಿಗೆ ತಿಳಿಯದಂತೆ ಪಿಗ್ಮಿ ಕಟ್ಟುತ್ತಾರೆ. ಅವರ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರು ಗಂಡನದ್ದು, ಇಲ್ಲವೇ ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುವ ಮಗನದ್ದು. ಐವತ್ತು ರೂಪಾಯಿ ಕಟ್ಟಿದ ಕ್ಷಣದಲ್ಲೇ ಅಲ್ಲಿಗೆ ಸಂದೇಶ ಹೋಗುತ್ತದೆ. ಇಂಥ ಮನೆಗಳಲ್ಲಿ ಯಂತ್ರ ಒತ್ತಲು ಸಂಗ್ರಾಹಕ ಹಿಂಜರಿದರೆ ಅವನು ಸೋಮಾರಿಯಲ್ಲ, ಸದಸ್ಯರ ಗುಟ್ಟನ್ನು ಕಾಯುತ್ತಿದ್ದಾನೆ. ಸಂದೇಶ ಬೇಡ ಎನ್ನುವವರಿಗೆ ಚೀಟಿ ಮಾತ್ರ ಕೊಡುವ ಆಯ್ಕೆಯನ್ನು ಇಡುವುದು ತಂತ್ರಾಂಶದವರಿಗೆ ದೊಡ್ಡ ಕೆಲಸವೇನಲ್ಲ; ಆದರೆ ಅದನ್ನು ಕೇಳಬೇಕೆಂದು ತೋಚುವುದು ಆ ಬೀದಿಯಲ್ಲಿ ದಿನಾ ನಡೆದವನಿಗೆ ಮಾತ್ರ.

ಪಿಗ್ಮಿಯೇ ನಮ್ಮ ಊರಿನಲ್ಲಿ ಯೋಜನೆ ಹಾಕಿ ತಂದ ಒಂದು ಬದಲಾವಣೆ ಎಂಬುದನ್ನು ನಿರ್ದೇಶಕರಿಗೆ ನೆನಪಿಸಬಹುದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಸಂಸ್ಥೆ 1928ರಲ್ಲಿ ಅದನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಪಡೆಯುವ ಏರ್ಪಾಡು ಮಾಡಿತು. ಬ್ಯಾಂಕಿನ ಮೆಟ್ಟಿಲು ಹತ್ತದವರ ಸಂಪಾದನೆ ಎಂಥದ್ದು, ಅದು ದಿನದ ಯಾವ ಹೊತ್ತಿಗೆ ಕೈಸೇರುತ್ತದೆ ಎಂಬುದನ್ನು ನೋಡಿಕೊಂಡು ಕಟ್ಟಿದ ಯೋಜನೆಯಾದ್ದರಿಂದಲೇ ಅದು ಬೇರೂರಿತು. ಅದೇ ಎಚ್ಚರ ಕೈಯಂತ್ರಕ್ಕೂ ಬೇಕು.

ಈಗ ಮಾಡಬೇಕಾದದ್ದು. ಸಂಗ್ರಾಹಕರ ಸಭೆ ಕರೆಯಿರಿ. ಆದರೆ ಕರೆಯುವ ಮೊದಲು ಯಾವುದು ತೀರ್ಮಾನವಾಗಿದೆ, ಯಾವುದು ಇನ್ನೂ ತೆರೆದಿದೆ ಎಂದು ಮಂಡಳಿಯಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಯಂತ್ರ ಬೇಕೋ ಬೇಡವೋ ಎಂಬುದು ಈಗಾಗಲೇ ತೀರ್ಮಾನವಾಗಿರುವುದರಿಂದ ಅದನ್ನು ಚರ್ಚೆಗಿಟ್ಟಂತೆ ನಟಿಸುವುದು ಬೇಡ, ಅಂಥ ನಾಟಕವನ್ನು ಜನ ಐದು ನಿಮಿಷದಲ್ಲಿ ಹಿಡಿಯುತ್ತಾರೆ. ದಿನದ ಹಣ ಎಷ್ಟು ಗಂಟೆಯೊಳಗೆ ಕಟ್ಟಬೇಕು, ಸಂದೇಶ ಯಾರಿಗೆ ಬೇಡ, ಮೊದಲು ಯಾವ ಬೀದಿ, ಯಂತ್ರ ಕೆಟ್ಟ ದಿನ ಏನು ಮಾಡುವುದು ಎಂಬಿವನ್ನು ಮಾತ್ರ ನಿಜವಾಗಿಯೂ ಅವರ ಕೈಗೆ ಬಿಡಿ, ಅವರು ಹೇಳಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಎಲ್ಲರಿಗೂ ಒಂದೇ ದಿನ ಆರಂಭಿಸದೆ ಮೊದಲು ಒಂದೆರಡು ಬೀದಿಗಳಲ್ಲಿ ನಡೆಸಿ ನೋಡಿ. ಅದಕ್ಕೆ ಮೊಬೈಲು ಚೆನ್ನಾಗಿ ಬಲ್ಲ ಎಳೆಯ ಹುಡುಗನನ್ನು ಆರಿಸುವುದು ಎಲ್ಲರೂ ಮಾಡುವ ಕೆಲಸ. ಉಳಿದವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಆ ಹಿರಿಯರನ್ನೇ ಆರಿಸಿ, ಅವರಿಗೆ ಸ್ವಲ್ಪ ನಿಧಾನವಾದರೂ ಚಿಂತೆಯಿಲ್ಲ. ಕಲಿಯುವ ಅವಧಿಯಲ್ಲಿ ಸಂಗ್ರಹ ಕುಗ್ಗಿದರೂ ಹಿಂದಿನ ತಿಂಗಳುಗಳ ಸರಾಸರಿ ಕಮಿಷನ್ನಿಗೆ ಕಡಿಮೆಯಾಗದಂತೆ ಭರವಸೆ ಕೊಡಿ. ಇದಕ್ಕೆ ಖರ್ಚು ಬರುತ್ತದೆ, ಬರಲಿ. ಯಂತ್ರದ ಬೆಲೆಯ ಜೊತೆಗೇ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಕಾರ್ಡನ್ನೂ ಯಂತ್ರವನ್ನೂ ಕೆಲವು ವಾರ ಜೊತೆಗೆ ನಡೆಸಲೇಬೇಕಾಗುತ್ತದೆ, ಪ್ರತಿ ಸಂಜೆ ಎರಡನ್ನೂ ತಾಳೆ ನೋಡಲೂ ಬೇಕು. ಆದರೆ ಆ ಅವಧಿಗೆ ಕೊನೆಯ ದಿನ ಗೊತ್ತುಪಡಿಸಿರಿ. ಕಂಪ್ಯೂಟರು ಬಂದು ವರ್ಷಗಟ್ಟಲೆಯಾದ ಮೇಲೂ ಯಾವುದಕ್ಕೂ ಇರಲಿ ಎಂದು ಲೆಡ್ಜರು ಬರೆಸುತ್ತಲೇ ಇರುವ ಸಂಘಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಸಾಕಷ್ಟಿವೆ. ಅಲ್ಲಿ ಕೆಲಸ ಇಮ್ಮಡಿಯಾಗಿದೆ, ನಂಬಿಕೆ ಎರಡರ ಮೇಲೂ ಇಲ್ಲ. ಆರಂಭಕ್ಕೆ ಮಾರ್ಚ್ ತಿಂಗಳನ್ನು ಆರಿಸಬೇಡಿ, ಕರೆಂಟೂ ಫೋನೂ ಕೈಕೊಡುವ ಆಟಿಯ ಮಳೆಯಲ್ಲಂತೂ ಬೇಡವೇ ಬೇಡ. ದೀಪಾವಳಿ ಕಳೆದ ಮೇಲಿನ ದಿನಗಳು ಅನುಕೂಲ.

ಪ್ರಶ್ನೆ: ಕಾರ್ಕಳ ತಾಲೂಕಿನ ಗೇರುಬೀಜ ಕಾರ್ಖಾನೆಯೊಂದರಲ್ಲಿ ನಾನು ವ್ಯವಸ್ಥಾಪಕಿ. ತಿರುಳಿನ ಸಿಪ್ಪೆ ತೆಗೆಯುವ ಯಂತ್ರ ತಂದಿದ್ದೇವೆ. ಯಾರ ಕೆಲಸವೂ ಹೋಗುವುದಿಲ್ಲ ಎಂದು ಮಾಲಕರೇ ಬಂದು ಹೇಳಿದ್ದಾರೆ, ಯಾರನ್ನೂ ತೆಗೆದೂ ಇಲ್ಲ. ಆದರೂ ಸುಲಿಯುವ ಹೆಂಗಸರ ಕೆಲಸ ನಿಧಾನವಾಗಿದೆ, ನುರಿತವರು ಕೆಲವರು ಬೇರೆ ಕಾರ್ಖಾನೆಗೆ ಹೋದರು. ಕೇಳಿದರೆ ಏನೂ ಹೇಳುವುದಿಲ್ಲ. ಯಂತ್ರವನ್ನು ಕಂಡರೆ ಭಯವೇ?

ಉತ್ತರ: ಭಯವಲ್ಲ, ಲೆಕ್ಕ. ನಿಮ್ಮಲ್ಲಿ ಸುಲಿಯುವವರಿಗೆ ಕಿಲೋ ಲೆಕ್ಕದಲ್ಲಿ ಮಜೂರಿ ಇದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ದರ ಬದಲಾಗಿಲ್ಲ ಎಂದೂ ಬರೆದಿದ್ದೀರಿ. ಯಂತ್ರ ಸುಲಭವಾಗಿ ಸಿಪ್ಪೆ ಬಿಡುವ ತಿರುಳನ್ನು ಸುಲಿದುಬಿಡುತ್ತದೆ. ಸಿಪ್ಪೆ ಅಂಟಿಕೊಂಡದ್ದು, ಸೀಳಿನಲ್ಲಿ ಸಿಕ್ಕಿಕೊಂಡದ್ದು, ಚೂರಿಯ ಮೊನೆಯಲ್ಲಿ ಕೆರೆದು ತೆಗೆಯಬೇಕಾದದ್ದು ಮಾತ್ರ ಹೆಂಗಸರ ಮೊರಕ್ಕೆ ಬರುತ್ತದೆ. ಉದಾಹರಣೆಗೆ, ಹಿಂದೆ ದಿನಕ್ಕೆ ಎಂಟು ಕಿಲೋ ಸುಲಿಯುತ್ತಿದ್ದವರು ಈ ಉಳಿಕೆಯಲ್ಲಿ ಐದು ಕಿಲೋ ಸುಲಿದರೆ ಹೆಚ್ಚು. ದರ ಅದೇ ಇದ್ದರೆ ದಿನದ ಸಂಪಾದನೆ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಇಳಿಯುತ್ತದೆ. ಕೆಲಸ ಹೋಗುವುದಿಲ್ಲ ಎಂಬ ಮಾಲಕರ ಮಾತು ಸತ್ಯವೇ, ಆದರೆ ಆ ಹೆಂಗಸರ ಚಿಂತೆ ಇದ್ದದ್ದು ಕೆಲಸದ ಬಗ್ಗೆಯಲ್ಲ. ನಾಳೆಯೇ ತೂಕದ ಪುಸ್ತಕ ತೆಗೆದು, ಯಂತ್ರ ಬರುವ ಹಿಂದಿನ ತಿಂಗಳು ಹಾಗೂ ಕಳೆದ ತಿಂಗಳು ಒಬ್ಬೊಬ್ಬರ ಕೈಗೆ ಎಷ್ಟು ಬಂದಿದೆ ಎಂದು ಹೋಲಿಸಿ ನೋಡಿ.

ಈ ಬಗೆಯ ಸಂಗತಿಯನ್ನು ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ವರ್ಜೀನಿಯಾದ ಮೇರಿಯನ್ ಎಂಬ ಊರಿನ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಪ್ರಯೋಗದ ವಿವರ 1948ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು, ಅಲ್ಲಿಯೂ ಮಜೂರಿ ಎಣಿಕೆಯ ಲೆಕ್ಕದ್ದು. ಬದಲಾವಣೆಯೂ ಚಿಕ್ಕದೇ: ಇಸ್ತ್ರಿ ಮಾಡುವ ಗುಂಪು ಅದುವರೆಗೆ ಅರ್ಧ ಡಜನ್ ಬಟ್ಟೆಗಳನ್ನು ಚಪ್ಪಟೆ ರಟ್ಟಿನ ಮೇಲೆ ಪೇರಿಸುತ್ತಿತ್ತು, ಇನ್ನು ಮುಂದೆ ಪೆಟ್ಟಿಗೆಯಲ್ಲಿ ಪೇರಿಸಬೇಕು. ಕಾರಣವನ್ನೂ ಹೊಸ ದರವನ್ನೂ ಸಭೆ ಕರೆದು ತಿಳಿಸಿ, ಪ್ರಶ್ನೆಗಳಿಗೆ ಉತ್ತರಿಸಿ ಕಳುಹಿಸಿದರು. ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ. ಮೊದಲ 40 ದಿನಗಳಲ್ಲಿ ಆ ಗುಂಪಿನ ಶೇಕಡಾ 17 ಮಂದಿ ಕೆಲಸ ಬಿಟ್ಟರು. ಬೇರೆ ಗುಂಪುಗಳಿಗೆ ಬದಲಾವಣೆ ಏಕೆ ಬೇಕೆಂದು ಕಣ್ಣಿಗೆ ಕಾಣುವಂತೆ ತೋರಿಸಿ, ಹೊಸ ವಿಧಾನವನ್ನೂ ದರವನ್ನೂ ರೂಪಿಸುವುದರಲ್ಲಿ ಅವರನ್ನೇ ಸೇರಿಸಿಕೊಂಡರು. ಎಲ್ಲರೂ ಪಾಲುಗೊಂಡ ಗುಂಪುಗಳಲ್ಲಿ ಉತ್ಪಾದನೆ ಹಿಂದಿನ ಮಟ್ಟಕ್ಕಿಂತ ಶೇಕಡಾ 14ರಷ್ಟು ಮೇಲೇರಿತು, ಕೆಲಸ ಬಿಟ್ಟವರು ಯಾರೂ ಇರಲಿಲ್ಲ. ನಿಮಗೆ ಇದರಲ್ಲಿ ಮುಖ್ಯವಾದದ್ದು ಇದರ ಕೊನೆಯ ಭಾಗ. ಸೋತ ಗುಂಪಿನಲ್ಲಿ ಉಳಿದವರನ್ನು ಕೆಲವು ತಿಂಗಳ ಬಳಿಕ ಮತ್ತೊಂದು ಕೆಲಸಕ್ಕೆ ಹಾಕುವಾಗ ಎರಡನೆಯ ವಿಧಾನವನ್ನೇ ಅನುಸರಿಸಿದರು, ಅದೇ ಹೆಂಗಸರು ಆಗ ಬೇಗನೆ ಚೇತರಿಸಿಕೊಂಡರು. ಕೆಟ್ಟ ಆರಂಭವನ್ನು ತಿದ್ದಿಕೊಳ್ಳಲು ನಿಮಗೂ ಕಾಲ ಮೀರಿಲ್ಲ.

ಆದರೆ ಒಂದು ಎಚ್ಚರಿಕೆ ಬೇಕು. ಇದೇ ಬಗೆಯ ಪ್ರಯೋಗವನ್ನು ನಾರ್ವೆಯ ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ಮಾಡಿ 1960ರಲ್ಲಿ ವರದಿ ಮಾಡಿದಾಗ ಉತ್ಪಾದನೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಕೆಲಸಗಾರರಿಗೆ ಆಡಳಿತದ ಜೊತೆ ಮಾತಾಡುವ ಸರಿಯಾದ ದಾರಿಯೆಂದರೆ ತಮ್ಮ ಯೂನಿಯನ್ನೇ ಆಗಿತ್ತು ಎಂಬುದು ಅದಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು. ಬೀಡಿ, ಹೆಂಚು, ಗೇರುಬೀಜದ ನಮ್ಮ ಸೀಮೆಯಲ್ಲಿ ಈ ಮಾತಿಗೆ ತೂಕವಿದೆ. ನಿಮ್ಮಲ್ಲಿ ಯೂನಿಯನ್ ಇದ್ದರೆ ಅದನ್ನು ಬದಿಗೆ ಸರಿಸಿ ಹೆಂಗಸರನ್ನು ನೇರವಾಗಿ ಚಹಾಕ್ಕೆ ಕರೆದು ಮಾತಾಡಿಸಲು ಹೋಗಬೇಡಿ. ಮಜೂರಿಯ ರೀತಿ ಬದಲಿಸುವಾಗ 21 ದಿನ ಮೊದಲು ನೋಟಿಸು ಕೊಡಬೇಕೆಂಬ ನಿಯಮವೂ ಇದೆ: 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿದ್ದ ಅದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಉಳಿದಿದೆ.

ಯಂತ್ರದ ಉಳಿಕೆಗೆ ಬೇರೆ ದರ, ಇಲ್ಲವೇ ದಿನದ ಮಜೂರಿ, ಈ ಎರಡರಲ್ಲಿ ಯಾವುದು ಸರಿಯೆಂದು ಅವರೊಡನೆ ಕುಳಿತು ತೀರ್ಮಾನಿಸಿ. ಜೊತೆಗೆ ಅವರಲ್ಲಿ ಇಬ್ಬರನ್ನು ತಿರುಳು ಒಣಗಿಸುವ ಬೋರ್ಮದ ಹತ್ತಿರ ನಿಲ್ಲಿಸಿ ನೋಡಿ. ತಿರುಳು ಹದವಾಗಿ ಒಣಗದಿದ್ದರೆ ಯಂತ್ರ ಅದನ್ನು ಸುಲಿಯುವುದೂ ಇಲ್ಲ, ಇಡಿಯಾಗಿ ಬಿಡುವುದೂ ಇಲ್ಲ. ಇಡಿ ಬೀಜ ತುಂಡಾದರೆ ಬೆಲೆ ಎಷ್ಟು ಇಳಿಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹದವನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲವರು ವರ್ಷಗಟ್ಟಲೆ ಸುಲಿದ ಆ ಹೆಂಗಸರೇ.

ಪ್ರಶ್ನೆ: ಕೊಣಾಜೆಯಲ್ಲಿ ವ್ಯವಹಾರ ಆಡಳಿತ ಓದುತ್ತಿರುವ ವಿದ್ಯಾರ್ಥಿ ನಾನು. ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಹೇಳಿದ ‘ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು’ ಎಂಬ ಮೂರು ಹಂತಗಳು, ಬದಲಾವಣೆ ನಿಲ್ಲದೆ ನಡೆಯುವ ಈ ಕಾಲಕ್ಕೆ ಹಳತಾದವಲ್ಲವೇ?

ಉತ್ತರ: ಪರೀಕ್ಷೆಯಲ್ಲಿ ನಿಮ್ಮ ಅಧ್ಯಾಪಕರು ಬಯಸುವ ಉತ್ತರ ಬರೆಯಿರಿ, ಇಲ್ಲಿ ನನ್ನದನ್ನು ಹೇಳುತ್ತೇನೆ. ಲೆವಿನ್ 1947ರಲ್ಲಿ, ತಾವು ತೀರಿಕೊಂಡ ವರ್ಷದಲ್ಲೇ ಪ್ರಕಟವಾದ ದೀರ್ಘ ಲೇಖನದಲ್ಲಿ ಈ ಮೂರು ಹಂತಗಳಿಗೆ ಕೊಟ್ಟದ್ದು ತೀರ ಸ್ವಲ್ಪ ಜಾಗ; ಅವನ್ನು ಪಠ್ಯಪುಸ್ತಕದ ಚಿತ್ರವಾಗಿ ಮಾಡಿದವರು ಅವರ ನಂತರದವರು. ಅದೇ ಲೇಖನದಲ್ಲಿ ಇದಕ್ಕಿಂತ ಉಪಯುಕ್ತವಾದ ವಿಚಾರ ಇನ್ನೊಂದಿದೆ. ಯಾವುದೇ ರೂಢಿ ಇದ್ದಂತೆ ಇರುವುದು, ಅದನ್ನು ಮುಂದಕ್ಕೆ ತಳ್ಳುವ ಬಲಗಳೂ ತಡೆಯುವ ಬಲಗಳೂ ಸಮವಾಗಿರುವುದರಿಂದ. ತಳ್ಳುವ ಬಲವನ್ನು ಹೆಚ್ಚಿಸಿಯೂ ಬದಲಾವಣೆ ತರಬಹುದು, ತಡೆಯುವುದನ್ನು ಕಡಿಮೆ ಮಾಡಿಯೂ ತರಬಹುದು. ಆದರೆ ಮೊದಲನೆಯದರಲ್ಲಿ ಬಿಗುವು ಏರುತ್ತದೆ, ಎರಡನೆಯದರಲ್ಲಿ ಇಳಿಯುತ್ತದೆ. ಮೇಲಿನ ಎರಡು ಪತ್ರಗಳನ್ನು ಈ ಕಣ್ಣಿನಿಂದ ಓದಿ: ಅಧ್ಯಕ್ಷರ ಶಿಸ್ತುಕ್ರಮ ಯಾವ ಬಗೆಯದು, ಕಮಿಷನ್ನಿನ ಭರವಸೆ ಯಾವ ಬಗೆಯದು ಎಂದು ಗುರುತಿಸಿದರೆ ನಿಮ್ಮ ಟಿಪ್ಪಣಿಗೆ ಬೇಕಾದ ಉದಾಹರಣೆ ಸಿಗುತ್ತದೆ. ಇನ್ನು ಹೆಪ್ಪುಗಟ್ಟಿಸುವ ಮಾತು. ಹೊಸ ರೂಢಿ ನೆಲೆಯೂರುವ ಮೊದಲೇ ಇನ್ನೊಂದನ್ನು ತರುವ ಸಂಸ್ಥೆಗಳನ್ನು ನೋಡಿದವರಿಗೆ ಅದು ಹಳತೆನಿಸಲಾರದು.

ಪ್ರಶ್ನೆ: ವಿಲೀನಗೊಂಡ ಬ್ಯಾಂಕೊಂದರ ಮಂಗಳೂರಿನ ಶಾಖೆಯಲ್ಲಿ ನಾನು ಮುಖ್ಯಸ್ಥ. ವಿಲೀನವಾಗಿ ವರ್ಷಗಳೇ ಕಳೆದರೂ ಎರಡು ಮೂಲದ ಸಿಬ್ಬಂದಿ ಬೇರೆ ಬೇರೆ ಕುಳಿತು ಊಟ ಮಾಡುತ್ತಾರೆ. ಮಾತೆತ್ತಿದರೆ ‘ನಮ್ಮಲ್ಲಿ ಹೀಗಿರಲಿಲ್ಲ’. ಒಗ್ಗಟ್ಟಿಗಾಗಿ ಒಂದು ಪ್ರವಾಸ ಏರ್ಪಡಿಸಿದೆ, ಬಸ್ಸಿನಲ್ಲೂ ಎರಡು ಗುಂಪು. ಮುಂದೇನು?

ಉತ್ತರ: ಇನ್ನೊಂದು ಪ್ರವಾಸ ಬೇಡ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಈ ಮೂರೂ ನಮ್ಮ ಕರಾವಳಿಯಲ್ಲೇ ಹುಟ್ಟಿದವು. ತಂದೆ ಸೇರಿದ್ದ ಬ್ಯಾಂಕಿಗೇ ಮಗಳೂ ಸೇರಿದ ಮನೆಗಳು ಇಲ್ಲಿ ಅಪರೂಪವಲ್ಲ. ಎರಡನೆಯ ದಿನಾಂಕ ಬಂದದ್ದು ಲಾಕ್‌ಡೌನಿನ ನಡುವೆ, ನಾಮಫಲಕ ಇಳಿಯುವಾಗ ನಾಲ್ಕು ಜನ ಸೇರಿ ಒಂದು ಮಾತಾಡಲೂ ಅವಕಾಶವಿರಲಿಲ್ಲ. ಆದ್ದರಿಂದ ‘ನಮ್ಮಲ್ಲಿ ಹೀಗಿರಲಿಲ್ಲ’ ಎಂಬುದನ್ನು ಅಸಹಕಾರವೆಂದು ಎಣಿಸಬೇಡಿ. ಆ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರಬಹುದು: ಹಿರಿತನ ಮತ್ತು ವರ್ಗಾವಣೆಗಳ ಕುರಿತ ನಿಜವಾದ ದೂರು, ಹಳೆಯ ಬ್ಯಾಂಕಿನ ಒಂದು ಪದ್ಧತಿ ನಿಜಕ್ಕೂ ಮೇಲಾಗಿತ್ತು ಎಂಬ ತಿಳಿವಳಿಕೆ, ಮತ್ತು ಬರೀ ನೋವು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಅದನ್ನು ಬರೆದು ವಲಯ ಕಚೇರಿಗೆ ಕಳುಹಿಸಿ, ಕಳುಹಿಸಿದ್ದನ್ನು ಅವರಿಗೆ ತೋರಿಸಿ. ನೋವಿಗೆ ನೀವು ಮಾಡಬಹುದಾದದ್ದು ಕಡಿಮೆ. ಹಳೆಯ ಪಾಸ್ ಪುಸ್ತಕ ಹಿಡಿದು ಬರುವ ಗ್ರಾಹಕರೆದುರು ಹಳೆಯ ಹೆಸರು ಎತ್ತಿದವರನ್ನು ತಿದ್ದದೆ ಬಿಟ್ಟರೆ ಸಾಕು.

ಎರಡನೆಯದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಶಾಖೆಯ ಮಟ್ಟದಲ್ಲೇ ಬದಲಿಸಬಹುದಾದ ಒಂದೆರಡು ಕೆಲಸಗಳನ್ನು, ಉದಾಹರಣೆಗೆ ಚಿನ್ನದ ಸಾಲದ ಕೌಂಟರಿನ ಸರದಿಯನ್ನೋ ಹಿರಿಯ ನಾಗರಿಕರ ಜೀವಿತ ಪ್ರಮಾಣಪತ್ರದ ಏರ್ಪಾಡನ್ನೋ ಆರಿಸಿಕೊಂಡು, ಎರಡೂ ಮೂಲದ ತಲಾ ಒಬ್ಬರನ್ನು ಜೊತೆಯಾಗಿ ಅದಕ್ಕೆ ಹಚ್ಚಿ, ಎರಡು ಬ್ಯಾಂಕುಗಳ ಪದ್ಧತಿಗಳಲ್ಲಿ ಯಾವುದು ಮೇಲೋ ಅದನ್ನು ಜಾರಿಗೆ ತರುವ ಅಧಿಕಾರವನ್ನು ಅವರಿಗೇ ಕೊಡಿ. ನವೆಂಬರಿನಲ್ಲಿ ಪಿಂಚಣಿದಾರರ ಸಾಲು ಬೆಳೆಯುವ ಮೊದಲೇ ಆರಂಭಿಸುವುದು ಒಳ್ಳೆಯದು. ಊಟದ ಮೇಜಿನ ವಿಷಯಕ್ಕೆ ಕೈಹಾಕಬೇಡಿ.